ಮೂಲೆ ಮೂರರ ನಿಯಮ

ಫೆಬ್ರವರಿ ೬

ಚಿಕ್ಕಮ್ಮನವರಿಗೆ ನಮಸ್ಕಾರಗಳು.

ಹನ್ನೊಂದು ತಿಂಗಳಿಂದ ನೀವು ನನ್ನ ಫೋನು ಎತ್ತಿಲ್ಲ, ಇಮೇಲಿಗೆ ಉತ್ತರ ಕೊಟ್ಟಿಲ್ಲ. ಮೊನ್ನೆ ಅಮ್ಮನ ಹತ್ತಿರ ಗೋಳು ತೋಡಿಕೊಂಡೆ. "ನನ್ನ ತಂಗಿಗೆ ಸಿಟ್ಟು ಬಂದ್ರೆ ಕಾಗದ ಬರೀಬೇಕು ಕಣೇ. ಮನೆಗೆ ಬಂದ ಕಾಗದ ಓದದೆ ಇರೋಕೆ ಅವಳ ಕೈಲಿ ಆಗಲ್ಲ," ಎಂದಳು. ಅದಕ್ಕೇ ಇದು. ಕೈಬರಹ ನೋಡಿ ನಗಬೇಡಿ, ಪೆನ್ನು ಹಿಡಿದು ವರ್ಷಗಳಾದವು.

ನಿಮ್ಮ ಕುರ್ಚಿಯಲ್ಲಿ ಕೂತು ನಾನು ಒಂದು ಎಡವಟ್ಟು ಮಾಡಿಕೊಂಡಿದ್ದೇನೆ. ಡಿಸೆಂಬರಿನಲ್ಲಿ ಗ್ರಂಥಾಲಯದ ಕಂಪ್ಯೂಟರುಗಳ ಪಾಲಿಸಿಗಳನ್ನೆಲ್ಲ ಶುದ್ಧ ಮಾಡಲು ಹೊರಟೆ. ಪಾಲಿಸಿ ಎಂದರೇನು ಎಂದು ಮುಖ್ಯಸ್ಥರು ಕೇಳಿದಾಗ ನಾನು ಹೇಳಿದ್ದು ಇಷ್ಟು: ಪ್ರತಿ ಕಂಪ್ಯೂಟರೂ ಬೆಳಿಗ್ಗೆ ಎದ್ದ ಕೂಡಲೇ ಸರ್ವರ್ ಎಂಬ ಮುಖ್ಯ ಕಂಪ್ಯೂಟರನ್ನು "ನಾನು ಹೇಗಿರಬೇಕು?" ಎಂದು ಕೇಳುತ್ತದೆ. ಸರ್ವರ್ ತನ್ನ ಡೈರೆಕ್ಟರಿ ಎಂಬ ಪಟ್ಟಿ ತೆರೆದು, ಆ ಕಂಪ್ಯೂಟರು ಯಾವ ಗುಂಪಿನಲ್ಲಿದೆ ಎಂದು ನೋಡಿ, ಆ ಗುಂಪಿಗೆ ಜೋಡಿಸಿರುವ ನಿಯಮವನ್ನು ಕೊಡುತ್ತದೆ. ನೀವು ಬಿಟ್ಟುಹೋದ ನಿಯಮಗಳಲ್ಲಿ ನಲವತ್ತಮೂರಕ್ಕೆ ಕಾರಣವೇ ಬರೆದಿರಲಿಲ್ಲ. ಅವನ್ನು ಅಳಿಸಿದೆ. ಒಂದು ಎರಡು ಕಂಪ್ಯೂಟರಿದ್ದ ಪುಟ್ಟ ಗುಂಪುಗಳನ್ನೂ ಅಳಿಸಿ, ಎಲ್ಲವನ್ನೂ ಒಂದೇ ದೊಡ್ಡ ಗುಂಪಿಗೆ ಸೇರಿಸಿದೆ. ಆಮೇಲೆ ಶುರುವಾಯಿತು ನೋಡಿ! ಮಕ್ಕಳ ಕೋಣೆಯ ಕಂಪ್ಯೂಟರು ಪಾಸ್‌ವರ್ಡು ಕೇಳುತ್ತಿದೆ, ಪತ್ರಿಕೆ ಕೋಣೆಯಲ್ಲಿ ಒತ್ತಿದ್ದು ಮೂರನೇ ಮಹಡಿಯ ಪ್ರಿಂಟರಿನಲ್ಲಿ ಬರುತ್ತಿದೆ.

ಪುಣ್ಯಕ್ಕೆ ಬ್ಯಾಕಪ್ ಸಾಫ್ಟ್‌ವೇರು ಇತ್ತು. ತಾರೀಖು ಆರಿಸಿ, ಪಾಲಿಸಿಯ ಹೆಸರು ಆರಿಸಿ, ಒಂದು ಗುಂಡಿ ಒತ್ತಿದರೆ ಅಳಿಸಿದ್ದು ಮತ್ತೆ ಬಂತು. ಆದರೆ ಬಂದದ್ದು ಸೆಟ್ಟಿಂಗು ಮಾತ್ರ, ಅದನ್ನು ಯಾರಿಗೆ ಜೋಡಿಸಿತ್ತು ಎನ್ನುವುದು ಬರಲಿಲ್ಲ. ಕೋಣೆ ಕೋಣೆ ಸುತ್ತಿ, ಬೈಸಿಕೊಂಡು, ನಲವತ್ತೆರಡನ್ನು ಅವುಗಳ ಜಾಗಕ್ಕೆ ಸೇರಿಸಿದೆ. ಒಂದು ಉಳಿದಿದೆ. ಅದರ ಹೆಸರು "ಮೂಲೆ-೩". ಅಕ್ಷರ ಎರಡರಷ್ಟು ದೊಡ್ಡದು, ಕಪ್ಪು ಹಿನ್ನೆಲೆಗೆ ಹಳದಿ ಅಕ್ಷರ, ಮೌಸಿಗೆ ದಪ್ಪ ಬಾಣ. ಬ್ಯಾಕಪ್ಪಿನ ಜೊತೆಗಿದ್ದ ವರದಿಯಲ್ಲಿ, ಇದನ್ನು "ಮೂಲೆ-೩" ಎಂಬ ಗುಂಪಿಗೇ ಜೋಡಿಸಿತ್ತು ಎಂದಿದೆ. ಆ ಗುಂಪನ್ನು ನಾನೇ ಅಳಿಸಿದ್ದೇನೆ. ಅದರಲ್ಲಿ ಯಾವ ಕಂಪ್ಯೂಟರಿತ್ತು ಎಂದು ಈಗ ಎಲ್ಲೂ ಬರೆದಿಲ್ಲ. ಹಳೆಯ ದಾಖಲೆಗಳು ಮೂವತ್ತು ದಿನಕ್ಕೆ ತಾವಾಗಿ ಹೋಗುತ್ತವೆ. ಯಾರೂ ಬಂದು ದೂರು ಹೇಳಿಯೂ ಇಲ್ಲ.

ಅದು ಯಾರದು ಎಂದು ಒಂದು ಸಾಲು ಬರೆದರೆ ಸಾಕು.

ಇಂತಿ,
ನಿಮ್ಮ ಅಕ್ಕನ ಮಗಳು

---

ಫೆಬ್ರವರಿ ೧೭

ಗಡಿಬಿಡಿಗೆ,

ಯಾವಾಗಿನಿಂದ ನಾನು ನಿನಗೆ "ನೀವು" ಆದೆ? ನಿನ್ನ ಲಂಗಕ್ಕೆ ಗುಂಡಿ ಹೊಲಿದವಳು ನಾನು. ಮರ್ಯಾದೆ ಕೊಡುವುದಿದ್ದರೆ ಹೋದ ವರ್ಷ ಮಾರ್ಚಿನಲ್ಲಿ ಕೊಡಬೇಕಿತ್ತು. ಮುಖ್ಯಸ್ಥರ ಕೋಣೆಯಲ್ಲಿ, ನಾನು ಎದುರಿಗೇ ಕೂತಿರುವಾಗ, ನನ್ನ ಇಪ್ಪತ್ತೆರಡು ವರ್ಷದ ಕೆಲಸವನ್ನು "ಅಡ್ಡಾದಿಡ್ಡಿ" ಎಂದು ಗಟ್ಟಿಯಾಗಿ ಓದಿದೆಯಲ್ಲ, ಆಗ. ನಿನ್ನ ಆ ವರದಿಯ ಹದಿನಾಲ್ಕನೇ ಪುಟದಲ್ಲಿ ಇನ್ನೂ ಒಂದು ಮಾತಿತ್ತು: "ಕಾರಣವಿಲ್ಲದ ನಿಯಮಗಳು." ನನಗೆ ಬಾಯಿಪಾಠವಾಗಿದೆ. ನಾಲ್ಕು ದಿನಕ್ಕೆ ರಾಜೀನಾಮೆ ಬರೆದುಕೊಟ್ಟೆ. ನೀನು ಬಾಗಿಲವರೆಗೆ ಬಂದು, ಏನೋ ಹೇಳಲು ಹೋಗಿ, ಹೇಳದೆ ಹಿಂತಿರುಗಿದೆ.

ಹೋಗಲಿ. ನೀನು ಕೇಳಿದ್ದಕ್ಕೆ ಬರುತ್ತೇನೆ.

ಮಕ್ಕಳ ಕೋಣೆಯವರು ಬೈದರು, ಪತ್ರಿಕೆ ಕೋಣೆಯವರು ಬೈದರು, ಹಾಗಾಗಿ ನಿನಗೆ ದಾರಿ ಸಿಕ್ಕಿತು. ಬೈಯಲಾರದವರೂ ಇರುತ್ತಾರೆ ಎಂದು ನಿನ್ನ ವರದಿಯ ಯಾವ ಪುಟದಲ್ಲೂ ಇರಲಿಲ್ಲ. ಕೆಲವು ಕಾರಣಗಳನ್ನು ನಾನು ಬರೆಯಲಿಲ್ಲ, ಏಕೆಂದರೆ ಬರೆದರೆ ಯಾರಾದರೂ ಓದುತ್ತಾರೆ.

ಮೂಲೆ-೩ ಯಾರದು ಎಂದು ಹೇಳುವುದಿಲ್ಲ. ಸಿಟ್ಟಿಗಲ್ಲ, ಮಾತು ಕೊಟ್ಟಿದ್ದೇನೆ. ಬೇಕಾದವರಿಗೆ ಬೇಕೆನಿಸಿದರೆ ಅವರೇ ನಿನ್ನ ಬಾಗಿಲಿಗೆ ಬರುತ್ತಾರೆ. ಬಂದರೆ ಯಾಕೆ, ಏನು ಎಂದು ಕೇಳದೆ ಜೋಡಿಸಿಕೊಡು.

ನಾನು ಚೆನ್ನಾಗಿದ್ದೇನೆ. ಬೆಳಿಗ್ಗೆ ನಡೆಯುತ್ತೇನೆ, ಮಧ್ಯಾಹ್ನ ಹೊಲಿಯುತ್ತೇನೆ. ನಿನ್ನ ಅಮ್ಮನಿಗೆ ನನ್ನ ಗುಣಗಾನ ಕಡಿಮೆ ಮಾಡಲು ಹೇಳು.

ಇಂತಿ,
ಮಾಜಿ ಸಿಸ್ಟಂ ಅಡ್ಮಿನ್

---

ಮಾರ್ಚ್ ೩

ಚಿಕ್ಕಮ್ಮ,

ಸರಿ, "ನೀನು". ಬೈದರೂ ಪರವಾಗಿಲ್ಲ, ಕಾಗದ ಬಂತಲ್ಲ ಎಂದು ಅದನ್ನು ಎರಡು ದಿನ ಚೀಲದಲ್ಲೇ ಇಟ್ಟುಕೊಂಡು ಓಡಾಡಿದೆ.

ಆ ದಿನ ಬಾಗಿಲಲ್ಲಿ "ಹೋಗ್ಬೇಡ" ಎನ್ನಬೇಕೆಂದಿದ್ದೆ. ವರದಿ ಬರೆದವಳು ನಾನೇ ಅಲ್ಲವೇ, ಯಾವ ಮುಖ ಇಟ್ಟುಕೊಂಡು ಹೇಳಲಿ? ಆ ಮಾತನ್ನು ಇವತ್ತು ಹೇಳಿದ್ದೇನೆ. ಇಷ್ಟೇ ನನ್ನ ಕೈಲಾದದ್ದು.

ಆದರೆ ನಿನ್ನ ಹಟ ನನಗೆ ಅರ್ಥವಾಗುವುದಿಲ್ಲ. ದೊಡ್ಡ ಅಕ್ಷರದಲ್ಲಿ ಗುಟ್ಟು ಏನಿದೆ? ಇದುವರೆಗೆ ಯಾರೂ ನನ್ನ ಬಾಗಿಲಿಗೆ ಬಂದಿಲ್ಲ. ಯಾರಿಗೂ ಬೇಡದ್ದನ್ನು ಎಷ್ಟು ದಿನ ಇಟ್ಟುಕೊಳ್ಳಲಿ? ಈ ತಿಂಗಳ ಕೊನೆಗೆ ಮತ್ತೆ ಅಳಿಸುತ್ತೇನೆ.

ಇಲ್ಲಿಯ ಸುದ್ದಿ: ಜನವರಿಯಲ್ಲಿ ಮೊದಲ ಮಹಡಿಯ ಹಳೆಯ ಕಾರ್ಡಿನ ಬೀರುಗಳನ್ನೆಲ್ಲ ಸಾಗಿಸಿ, ಎಂಟು ಮೇಜುಗಳನ್ನು ಒಂದೇ ಸಾಲಿನಲ್ಲಿ ಹಾಕಿದ್ದಾರೆ. ಗಾಳಿ ಬೆಳಕು ಚೆನ್ನಾಗಿದೆ. ಬಾಗಿಲಲ್ಲಿ ನಿಂತರೆ ಯಾರು ಕೆಲಸ ಮಾಡುತ್ತಿದ್ದಾರೆ, ಯಾರು ಆಟವಾಡುತ್ತಿದ್ದಾರೆ ಎಲ್ಲ ಕಾಣುತ್ತದೆ. ಪುಸ್ತಕಕ್ಕೆ ನಂಬರು ಕೊಡುವ ವಿಭಾಗದಲ್ಲಿ ತಪ್ಪುಗಳನ್ನು ಹಿಡಿಯಲು ನಾನೊಂದು ಪುಟ್ಟ ಪ್ರೋಗ್ರಾಂ ಬರೆದುಕೊಟ್ಟೆ, ಪ್ರತಿ ತಿಂಗಳೂ ಪಟ್ಟಿ ಬರುತ್ತದೆ. ಪಾಪ, ನಮ್ಮ ನಂಬರಮ್ಮ ಸಿಕ್ಕಿಬಿದ್ದರು. ಮೂವತ್ತು ವರ್ಷ ಒಂದು ಅಂಕಿ ತಪ್ಪದವರು ಜನವರಿಯಲ್ಲಿ ಹತ್ತೊಂಬತ್ತು ತಪ್ಪು ಮಾಡಿದ್ದಾರೆ, ಫೆಬ್ರವರಿಯಲ್ಲಿ ಇಪ್ಪತ್ತಾರು. ಪಕ್ಷಿಗಳ ಪುಸ್ತಕ ಒಂದು ವಾರ ಕಾನೂನಿನ ಕಪಾಟಿನಲ್ಲಿತ್ತಂತೆ. ವಯಸ್ಸಾಯಿತು ಎಂದು ಮುಖ್ಯಸ್ಥರು ಏಪ್ರಿಲ್ ಒಂದರಿಂದ ಅವರನ್ನು ನೆಲಮಾಳಿಗೆಗೆ, ಹಳೆ ಪತ್ರಿಕೆಗಳ ಕಟ್ಟು ಕಟ್ಟುವ ಕೆಲಸಕ್ಕೆ ಹಾಕಲಿದ್ದಾರೆ. ನಿವೃತ್ತಿಗೆ ಮೂರು ವರ್ಷ ಇದೆ. ಹೇಳಿದಾಗ ಅವರು "ಆಗ್ಲಿ" ಎಂದರಂತೆ. ನಿನ್ನ ಜೊತೆ ಊಟಕ್ಕೆ ಕೂರುತ್ತಿದ್ದವರಲ್ಲವೇ, ಅದಕ್ಕೇ ಬರೆದೆ.

ನಿನ್ನ,
ಗಡಿಬಿಡಿ

---

ಮಾರ್ಚ್ ೬

ಅಳಿಸಬೇಡ.

ಮೂಲೆ-೩ನ್ನು ಅಳಿಸಬೇಡ. ತಿಂಗಳ ಕೊನೆಗೂ ಬೇಡ, ಎಂದಿಗೂ ಬೇಡ. ನಾನು ಮಾತು ಕೊಟ್ಟಿದ್ದೇನೆ, ಹೆಸರು ಬರೆಯಲಾರೆ. ಆದರೆ ನೀನು ಬರೆದ ಕಾಗದವನ್ನು ನೀನೇ ಇನ್ನೊಂದು ಸಲ ಓದು. ಅದರಲ್ಲಿ ಎರಡು ಸುದ್ದಿ ಬೇರೆ ಬೇರೆ ಎಂದುಕೊಂಡು ಬರೆದಿದ್ದೀಯ.

ಅಂಚೆ ತೆಗೆಯುವ ಹೊತ್ತಾಯಿತು. ಚಪ್ಪಲಿ ಮೆಟ್ಟಿಕೊಂಡೇ ಬರೆಯುತ್ತಿದ್ದೇನೆ.

ಚಿಕ್ಕಮ್ಮ

---

ಮಾರ್ಚ್ ೧೬

ಚಿಕ್ಕಮ್ಮ,

ನಿನ್ನ ಕಾಗದ ಓದಿ, ನನ್ನ ಕಾಗದದಲ್ಲಿ ಏನು ಬರೆದಿದ್ದೆ ಎಂದು ನೆನಪು ಮಾಡಿಕೊಂಡು, ಮೆಟ್ಟಿಲ ಮೇಲೆ ಕೂತುಬಿಟ್ಟೆ. ಡಿಸೆಂಬರಿನಲ್ಲಿ ಅಳಿಸಿದವಳು ನಾನು. ಅದರಿಂದಾದ ತಪ್ಪುಗಳನ್ನು ಪಟ್ಟಿ ಮಾಡಿಕೊಟ್ಟವಳೂ ನಾನು. ಎರಡನ್ನೂ ಚೆನ್ನಾಗಿ ಮಾಡಿದೆ ಎಂದು ಬೀಗಿದ್ದೆ. ನನಗೆ ನಾಚಿಕೆಯಾಗುತ್ತಿದೆ.

ನೀನು ಹೆಸರು ಹೇಳಿಲ್ಲ, ನಾನು ಕೇಳುವುದೂ ಇಲ್ಲ. ಆದರೆ ಈಗ ಗೊತ್ತಾಗಿ ನೋಡಿದರೆ ಎಲ್ಲ ಕಾಣುತ್ತದೆ. ಪರದೆಯ ಅಕ್ಷರ ಓದುವಾಗ ಅವರು ನೇರವಾಗಿ ನೋಡುವುದಿಲ್ಲ, ಮುಖ ಸ್ವಲ್ಪ ಪಕ್ಕಕ್ಕೆ ತಿರುಗಿಸಿ ನೋಡುತ್ತಾರೆ. ಎಂಟನ್ನು ಮೂರು ಎಂದು ಒತ್ತುತ್ತಾರೆ. ಯಾರಾದರೂ ಹತ್ತಿರ ಬಂದರೆ ಕೂಡಲೇ ಹಿಂದಕ್ಕೆ ಒರಗಿ, ಕನ್ನಡಕ ಒರೆಸುವ ನೆಪ ಮಾಡುತ್ತಾರೆ.

ನಾನು ಮಾಡಿದ್ದು ಕೇಳು. ಸೋಮವಾರ ಬೆಳಿಗ್ಗೆ ಅವರ ಕಂಪ್ಯೂಟರೊಂದನ್ನೇ ಮತ್ತೆ ಒಂದು ಪುಟ್ಟ ಗುಂಪಿಗೆ ಹಾಕಿ, ಮೂಲೆ-೩ನ್ನು ಜೋಡಿಸಿದೆ. ಕೆಲಸ ಮುಗಿಯಿತು ಎಂದುಕೊಂಡೆ. ನೀನಿದ್ದಾಗ ಅವರು ಬೀರುವಿನ ಹಿಂದೆ, ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. ಈಗ ಸಾಲಿನ ನಡುವೆ ಇದ್ದಾರೆ ಎನ್ನುವುದು ನನ್ನ ತಲೆಗೆ ಬರಲೇ ಇಲ್ಲ. ಪರದೆ ಕಪ್ಪಾಗಿ, ಗೇಣುದ್ದ ಹಳದಿ ಅಕ್ಷರ ಬಂದದ್ದೇ ತಡ, ಪಕ್ಕದ ಮೇಜಿನವರು "ಇದೇನಮ್ಮಾ, ಸಿನಿಮಾ ಬೋರ್ಡು ಹಾಕ್ಕೊಂಡಿದೀರಾ?" ಎಂದರು. ನಾಲ್ಕು ಜನ ಬಂದು ನೋಡಿದರು. ಒಬ್ಬರು ನಗುತ್ತಾ, "ಕಣ್ಣು ಕಾಣಲ್ವಾ ಏನು?" ಎಂದರಂತೆ. ಎರಡೇ ನಿಮಿಷದಲ್ಲಿ ನನಗೆ ಫೋನು ಬಂತು.

"ನನ್ನ ಕಂಪ್ಯೂಟರಿಗೆ ಏನೋ ಆಗಿದೆ. ಬಂದು ಮೊದಲಿನ ಹಾಗೆ ಮಾಡಮ್ಮ. ಈಗಲೇ," ಎಂದರು. ಮಾಡಿದೆ. ಮಾಡುವಾಗ ಅವರ ಕಡೆ ನೋಡಲಾಗಲಿಲ್ಲ.

ಆಮೇಲೆ ಮುಖ್ಯಸ್ಥರ ಬಳಿ ಹೋಗಿ, ಡಿಸೆಂಬರಿನಿಂದ ನನ್ನ ಕೈತಪ್ಪಿನಿಂದ ಸೆಟ್ಟಿಂಗುಗಳು ಹಾಳಾಗಿವೆ, ಪಟ್ಟಿಯಲ್ಲಿರುವ ತಪ್ಪು ಜನರದ್ದಲ್ಲ, ಏಪ್ರಿಲಿನ ಪಟ್ಟಿ ಬರುವವರೆಗೆ ಯಾರನ್ನೂ ಎಲ್ಲಿಗೂ ಕಳಿಸಬೇಡಿ ಎಂದೆ. ಗುಟ್ಟು ಹೇಳಲಿಲ್ಲ, ಸುಳ್ಳೂ ಹೇಳಲಿಲ್ಲ. ಅವರು ಕನ್ನಡಕದ ಮೇಲಿಂದ ನೋಡಿ, "ಒಂದು ತಿಂಗಳು. ಐದಕ್ಕಿಂತ ಹೆಚ್ಚು ತಪ್ಪಿದ್ರೆ ಮತ್ತೆ ನನ್ನ ಹತ್ರ ಬರಬೇಡ," ಎಂದರು. ಒಂದು ತಿಂಗಳು ಸಿಕ್ಕಿದೆ. ಆದರೆ ನಿಯಮ ಜೋಡಿಸಿದರೆ ಎಲ್ಲರಿಗೂ ಗೊತ್ತಾಗುತ್ತದೆ, ಜೋಡಿಸದಿದ್ದರೆ ಅವರು ನೆಲಮಾಳಿಗೆಗೆ ಹೋಗುತ್ತಾರೆ. ನೀನಾಗಿದ್ದರೆ ಏನು ಮಾಡುತ್ತಿದ್ದೆ?

ನಿನ್ನ,
ಗಡಿಬಿಡಿ

---

ಮಾರ್ಚ್ ೨೪

ಕಂದಾ,

ನಾನಾಗಿದ್ದರೆ ಇನ್ನೊಂದು ಬೀರು ತಂದು ಇಡಿಸುತ್ತಿದ್ದೆ. ನನಗೆ ಗೊತ್ತಿರುವ ದಾರಿ ಅದೊಂದೇ, ಬಚ್ಚಿಡುವುದು.

ಹೆಸರಿಲ್ಲದೆ ಹೇಳುತ್ತೇನೆ. ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದಾಗ, ಒಬ್ಬರು ಡ್ರಾಯರಿನಲ್ಲಿ ಬಚ್ಚಿಟ್ಟಿದ್ದ ಭೂತಗನ್ನಡಿ ಹಿಡಿದು ಪರದೆಗೆ ಮೂಗು ತಾಗಿಸಿ ಕೂತಿದ್ದನ್ನು ಕಂಡೆ. ನೋಟದ ನಡುವೆ ಒಂದು ಮಸಿ ಬೊಟ್ಟು ಇಟ್ಟ ಹಾಗೆ, ಸುತ್ತ ಮಾತ್ರ ಕಾಣುತ್ತದೆ ಎಂದರು. ಇನ್ನು ಹೆಚ್ಚಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ, ಕಡಿಮೆಯೂ ಆಗುವುದಿಲ್ಲ. "ಗೊತ್ತಾದ್ರೆ ಎಲ್ರೂ ಅಯ್ಯೋ ಪಾಪ ಅಂತಾರೆ. ಆಮೇಲೆ ಕೆಲಸ ಕೊಡಲ್ಲ. ಅಕ್ಷರ ದೊಡ್ಡದಿದ್ರೆ ನಂಗೆ ಎಲ್ಲಾ ಕಾಣುತ್ತೆ," ಎಂದರು. ಅವತ್ತೇ ಆ ನಿಯಮ ಬರೆದೆ. ಐದೂ ಮುಕ್ಕಾಲು ವರ್ಷ ಒಂದು ಅಂಕಿ ತಪ್ಪಲಿಲ್ಲ, ನೀನೇ ಹೇಳಿದೆಯಲ್ಲ.

ಆ ಗುಟ್ಟನ್ನು ಅವರಿಗಾಗಿ ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ. ಈಗ ಮಧ್ಯಾಹ್ನ ಹೊಲಿಗೆ ಯಂತ್ರದ ಮುಂದೆ ಕೂತು ಯೋಚಿಸಿದರೆ, ಅರ್ಧ ನನ್ನ ಜಂಬಕ್ಕೂ ಇತ್ತು. ಇಡೀ ಕಟ್ಟಡದಲ್ಲಿ ಇದು ನನಗೊಬ್ಬಳಿಗೇ ಗೊತ್ತು ಎಂಬ ಜಂಬ. ಸಿಟ್ಟಿನಲ್ಲಿ ಬೀಗದ ಕೈಗಳನ್ನು ನಿನ್ನ ಮೇಜಿನ ಮೇಲೆ ಎಸೆದು ಬಂದೆ, ಇದೊಂದನ್ನು ಮಾತ್ರ ಹೇಳದೆ ಬಂದೆ. ಅವರ ಒಪ್ಪಿಗೆ ಕೇಳಿ ನಿನ್ನ ಕಿವಿಗೆ ಹಾಕಿ ಬರಬಹುದಿತ್ತು. ನಿನಗೆ ಬುದ್ಧಿ ಬರಲಿ, ತೊಂದರೆಯಾಗಲಿ ಎಂದೇ ಸುಮ್ಮನೆ ಬಂದೆನೋ ಏನೋ. ತೊಂದರೆಯಾದದ್ದು ಯಾರಿಗೆ ನೋಡು. ನೀನು ಅಳಿಸಿದ್ದು ತಪ್ಪು, ನಾನು ಹೇಳದೆ ಬಂದದ್ದು ಅದಕ್ಕಿಂತ ದೊಡ್ಡ ತಪ್ಪು.

ಅವರಿಗೆ ನಾನು ಫೋನು ಮಾಡಿದ್ದೆ. ನಿನಗೆ ಹೇಳಬಹುದಾ ಎಂದು ಕೇಳಿದೆ. "ಬೇಡ. ಆ ಹುಡುಗಿ ನನ್ನ ನೋಡುವಾಗ ಈಗಿನ ಹಾಗೇ ನೋಡ್ಬೇಕು," ಎಂದರು. ಹಾಗಾಗಿ ನಿನಗೆ ಗೊತ್ತಿದೆ ಎಂದು ಅವರಿಗೆ ಗೊತ್ತಾಗಬಾರದು.

ದಾರಿ ನನಗೆ ಹೊಳೆಯುತ್ತಿಲ್ಲ. ನಿನಗೆ ಹೊಳೆಯುತ್ತದೆ. ನನ್ನಷ್ಟು ಬಚ್ಚಿಡುವ ಬುದ್ಧಿ ನಿನಗಿಲ್ಲ, ಅದೇ ಒಳ್ಳೆಯದು.

ಚಿಕ್ಕಮ್ಮ

---

ಮೇ ೨

ಚಿಕ್ಕಮ್ಮ,

ಮೊದಲು ಸುದ್ದಿ, ಆಮೇಲೆ ಕಥೆ. ಏಪ್ರಿಲಿನ ಪಟ್ಟಿ ಇವತ್ತು ಬೆಳಿಗ್ಗೆ ಬಂತು. ನಂಬರಮ್ಮನ ಹೆಸರಿನ ಮುಂದೆ ಒಂದೇ ಒಂದು ತಪ್ಪು. ಮುಖ್ಯಸ್ಥರು ವರ್ಗಾವಣೆಯ ಕಾಗದವನ್ನು ನನ್ನೆದುರಿಗೇ ಹರಿದು ಬುಟ್ಟಿಗೆ ಹಾಕಿದರು. ನಾನು ಕೋಣೆಯಿಂದ ಹೊರಗೆ ಬಂದು ನೀರಿನ ಫಿಲ್ಟರಿನ ಪಕ್ಕ ನಿಂತು ಅತ್ತುಬಿಟ್ಟೆ. ಯಾರೋ ತೀರಿಹೋದರು ಎಂದು ಕಾವಲಿನವರು ಅಂದುಕೊಂಡರು.

ಈಗ ಕಥೆ. ಒಬ್ಬರಿಗೆ ಮಾತ್ರ ಜೋಡಿಸಿದರೆ ಎಲ್ಲರೂ ನೋಡುತ್ತಾರೆ. ಅದಕ್ಕೆ ಎಲ್ಲರಿಗೂ ಜೋಡಿಸಿದೆ. ಏಪ್ರಿಲ್ ಎರಡರ ಬೆಳಿಗ್ಗೆ ಸಿಬ್ಬಂದಿಯ ನಲವತ್ತೊಂದು ಕಂಪ್ಯೂಟರುಗಳೂ ಕಪ್ಪು ಪರದೆ, ಹಳದಿ ಅಕ್ಷರ ಹೊತ್ತು ಎದ್ದವು. "ಹೊಸ ನಿಯಮ, ಮೂರು ದಿನ ಬಳಸಿ ನೋಡಿ, ಆಮೇಲೆ ಬೇಕು ಬೇಡ ತಿಳಿಸಿ" ಎಂದು ಸುತ್ತೋಲೆ ಕಳಿಸಿದ್ದೆ. ಯಾರು ಓದುತ್ತಾರೆ? ಕಟ್ಟಡದಲ್ಲಿ ಹುಯಿಲೆದ್ದಿತು. ಮುಖ್ಯಸ್ಥರು, "ನನ್ನ ಸ್ಕ್ರೀನಲ್ಲಿ ಮೂರು ಸಾಲು ಹಿಡಿಯೋದೇ ಕಷ್ಟ, ಪತ್ರದ ಕೊನೆ ನೋಡೋಷ್ಟರಲ್ಲಿ ಮೊದಲು ಮರೆತುಹೋಗುತ್ತೆ!" ಎಂದು ಕೂಗಾಡಿದರು. ಪ್ರವೇಶದ ಮೇಜಿನವರಿಗೆ ತಲೆನೋವು ಬಂತು. ನನ್ನನ್ನು ಬೈಯದವರು ಆ ಮೂರು ದಿನ ಒಬ್ಬರೇ. ಅವರು ಸಾಲಿನ ನಡುವೆ ನೇರ ಬೆನ್ನು ಮಾಡಿ ಕೂತು, ಟಪಟಪ ಎಂದು ಬಾಕಿ ಬಿದ್ದಿದ್ದ ಇನ್ನೂರು ಪುಸ್ತಕ ಮುಗಿಸಿದರು. ಪಕ್ಕದವರು "ನಿಮಗೆ ಹಿಂಸೆ ಆಗ್ತಿಲ್ವಾ?" ಎಂದರೆ, "ಆಗದೆ ಏನು, ಕೆಲಸ ಆಗ್ಬೇಕಲ್ಲ," ಎಂದರಂತೆ.

ಮೂರನೇ ದಿನ ಚೀಟಿ ಹಂಚಿದೆ. "ದೊಡ್ಡ ಅಕ್ಷರ ಬೇಕು" ಎಂದು ಒಂದು ಚೌಕ, "ಬೇಡ" ಎಂದು ಒಂದು ಚೌಕ. ಒಬ್ಬರಾದರೂ ಇಬ್ಬರಾದರೂ ಬೇಕು ಎನ್ನುತ್ತಾರೆ, ಅವರ ನಡುವೆ ಇವರೂ ಸೇರಿಕೊಳ್ಳುತ್ತಾರೆ ಎಂಬ ಆಸೆ ನನ್ನದು. ಚಿಕ್ಕಮ್ಮ, ಒಬ್ಬರೂ ಇಲ್ಲ! ಎಲ್ಲರೂ ನನ್ನ ಬಾಗಿಲ ಮುಂದೆ ಸಾಲು ನಿಂತು ಬೇಡ, ಬೇಡ ಎಂದು ಚೀಟಿ ಕೊಟ್ಟರು. ಸಾಲಿನಲ್ಲಿ ನಂಬರಮ್ಮನೂ ಇದ್ದರು. ಎಲ್ಲರೂ ಬೇಡವೆಂದ ಮೇಲೆ ತಾವೊಬ್ಬರೇ ಬೇಕೆನ್ನಲು ಅವರಿಗೆ ಧೈರ್ಯ ಬರಲಿಲ್ಲ. "ಬೇಡ ಅಂತಾನೇ ಹಾಕಿದೀನಿ," ಎಂದು ನಾಲ್ಕು ಜನಕ್ಕೆ ಕೇಳುವಂತೆ ಹೇಳಿ ಚೀಟಿ ಮಡಚಿ ಕೊಟ್ಟು ಹೋದರು.

ಬಿಡಿಸಿ ನೋಡಿದೆ. ಪುಸ್ತಕದ ಬೆನ್ನಿನ ಮೇಲೆ ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಚೀಟಿ ಅಂಟಿಸುವವರು ಅವರು. ಅವರ ಗುರುತು ಎರಡು ಚೌಕಗಳಿಂದಲೂ ಒಂದು ಬೆರಳು ದೂರ, ಖಾಲಿ ಕಾಗದದ ಮೇಲೆ ಇತ್ತು. ಚೀಟಿ ಮುದ್ರಿಸಿದವಳು ನಾನು, ಸಣ್ಣ ಅಕ್ಷರದಲ್ಲಿ. ಅಷ್ಟೆಲ್ಲ ಆದ ಮೇಲೂ ನನಗೆ ಹೊಳೆದಿರಲಿಲ್ಲ. ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳಬೇಕು ಎನಿಸಿತು.

ಮುಖ್ಯಸ್ಥರ ಅಪ್ಪಣೆ, ಸಂಜೆಯೊಳಗೆ ಎಲ್ಲ ತೆಗೆಯಬೇಕು. ನಲವತ್ತು ತೆಗೆದೆ. ನಲವತ್ತೊಂದನೆಯದನ್ನು ಬಿಟ್ಟೆ. ಅವರು ಬೇಡ ಎಂದು ಬರೆದಿರಲಿಲ್ಲವಲ್ಲ.

ಮಾರನೆಯ ಬೆಳಿಗ್ಗೆ ಹತ್ತೂ ಕಾಲಿಗೆ ನಂಬರಮ್ಮ ನನ್ನ ಬಾಗಿಲಿಗೆ ಬಂದರು. ಮುಖ ಕೆಂಪಾಗಿತ್ತು. ಹಿಂದೆ ಕಾರಿಡಾರಿನಲ್ಲಿ ಟೀ ಲೋಟ ಹಿಡಿದ ಆರೇಳು ಜನ.

"ಎಲ್ಲರದ್ದೂ ಸರಿ ಮಾಡಿದೀಯ. ನನ್ನದೊಂದು ಹಾಗೇ ಇದೆಯಲ್ಲಮ್ಮ. ಯಾಕೆ?"

ಅವರ ಮುಖವನ್ನು ನೋಡಿದೆ. ಹಿಂದೆ ಹೇಗೆ ನೋಡುತ್ತಿದ್ದೆನೋ ಹಾಗೇ ನೋಡಲು ಎಷ್ಟು ಕಷ್ಟಪಟ್ಟೆ ಎಂದು ನನಗೇ ಗೊತ್ತು.

"ನಿಮ್ಮ ಮಷೀನು ತುಂಬಾ ಹಳೇದು, ಅಮ್ಮ. ಎಷ್ಟು ಸಲ ತೆಗೆದ್ರೂ ವಾಪಸ್ ಬರ್ತಿದೆ, ಮಾತೇ ಕೇಳ್ತಿಲ್ಲ. ಹೊಸದು ಬರೋವರೆಗೂ ಸಹಿಸ್ಕೋಬೇಕು."

"ಹೊಸದು ಯಾವಾಗ ಬರುತ್ತೆ?"

"ಈಗಿನ ಲೆಕ್ಕದಲ್ಲಿ ಮೂರು ವರ್ಷ ಆಗುತ್ತೆ. ನೀವು ರಿಟೈರ್ ಆದ ಮೇಲೇ ಬರೋದು."

ಕಾರಿಡಾರಿನವರು ಗೊಳ್ಳೆಂದು ನಕ್ಕರು. "ಅನುಭವಿಸಿ ನಂಬರಮ್ಮ!" ಎಂದು ಯಾರೋ ಕೂಗಿದರು. ಅವರು ನಗಲಿಲ್ಲ. ಮುಖವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ, ಬಹಳ ಹೊತ್ತು ನನ್ನನ್ನೇ ನೋಡಿದರು. ಒಳಗೆ ಬಂದು, ಮೇಜಿನ ಅಂಚು ಹಿಡಿದು ಬಗ್ಗಿ, ನನಗೆ ಮಾತ್ರ ಕೇಳುವಂತೆ, "ಮೂರು ವರ್ಷ ತಾನೇ, ಸಹಿಸ್ಕೋತೀನಿ," ಎಂದು ನನ್ನ ತಲೆಯ ಮೇಲೆ ಕೈಯಿಟ್ಟರು. ಆ ಕೈ ಬಿಸಿಯಾಗಿತ್ತು.

ಆಮೇಲೆ ತಿರುಗಿ, ಇಡೀ ಮಹಡಿಗೆ ಕೇಳುವ ಹಾಗೆ, "ಒಂದು ಕಂಪ್ಯೂಟರು ಸರಿ ಮಾಡೋಕೆ ಬರಲ್ಲ, ಇವರೆಲ್ಲ ಏನು ಓದಿದಾರೋ!" ಎಂದು ಬೈಯುತ್ತಾ ಮೆಟ್ಟಿಲು ಹತ್ತಿ ಹೋದರು. ದಿನಕ್ಕೊಂದು ಸಲ ಈಗಲೂ ಬೈಯುತ್ತಾರೆ. ಬೈಯದ ದಿನ ನನಗೆ ಕೆಲಸಕ್ಕೆ ಕೈ ಹತ್ತುವುದಿಲ್ಲ.

ನಿನ್ನ,
ಗಡಿಬಿಡಿ